ಶಿಫಾರಸು

ಹೌದು, ನಾನೇ. ಪರ್ಪೆಟುವಾ ಅಬುಯಾ.
ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಎಣ್ಣೆಯ ಸದ್ದು,
ದೋಣಿ ಬಂದ ಹೊತ್ತು.
ಅಕೆಯೊ ನನ್ನ ಹೆಸರು ಕೊಟ್ಟಿದ್ದಾಳೆಯೇ?
ಪ್ರೊಫೆಸರರ ಹೆಸರಿನ ಕೆಳಗೇ?
ಇರಲಿ. ಕೇಳಿ.

ನನ್ನ ಹುದ್ದೆಯೇ?
ಮೀನು ಕರಿಯುತ್ತೇನೆ ಸ್ವಾಮಿ, ಕಿಸುಮುವಿನ ಸರೋವರದ ದಡದಲ್ಲಿ,
ಇಪ್ಪತ್ತೆರಡು ವರ್ಷ, ಒಂದೇ ಬಾಣಲೆ.
'ಗಿರಾಕಿ' ಅಂತ ಬರೆದುಕೊಳ್ಳಿ.

ಮೊದಲ ಸಲ ಐದು ಜನ ಬಂದರು, ಯೂನಿವರ್ಸಿಟಿಯಿಂದ,
ಒಂದೇ ಬಣ್ಣದ ಅಂಗಿ, ಎದೆಯ ಮೇಲೆ ಎಲೆಯ ಚಿತ್ರ.
ನೀರಿನ ಅಂತರಗಂಗೆ ಕಿತ್ತು, ಒಣಗಿಸಿ, ಸುಟ್ಟು, ಒತ್ತಿ
ಇದ್ದಿಲಿನ ಉಂಡೆ ಮಾಡುತ್ತಾರಂತೆ.
ದೋಣಿಗೆ ದಾರಿ, ಒಲೆಗೆ ಉರಿ, ಕಾಡಿಗೆ ಉಸಿರು
ಅಂದ ಅವರ ಮುಂದಾಳು; ಹುಡುಗನ ಗಂಟಲು ಚೆನ್ನಾಗಿತ್ತು.
ಕೈಯಲ್ಲಿ ಪ್ರಶ್ನೆಗಳ ಹಾಳೆ:
"ಅಮ್ಮಾ, ನಿಮ್ಮ ಮುಖ್ಯ ಸಮಸ್ಯೆ ಯಾವುದು?"
"ಸದ್ಯಕ್ಕೆ ನೀನೇ ಮಗಾ, ಗಾಳಿಗೆ ಅಡ್ಡ ನಿಂತಿದ್ದೀಯ."
ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಒಬ್ಬಳು
ನಗದೆ, ಅದನ್ನೂ ಬರೆದುಕೊಂಡಳು.
ಅವಳೇ ಇವಳು.

ಆ ಉಂಡೆಯ ಕಥೆ ಹೇಳಬಾರದು.
ಒಳಗೆಲ್ಲ ಹಸಿ. ಉರಿಗಿಂತ ಹೊಗೆ ಮುಂದು.
ಒಂದು ತಟ್ಟೆ ತಿಲಾಪಿಯಾ ಕೆಸರು ನಾರಿತು,
ತಿಂದವರು ದುಡ್ಡು ವಾಪಸು ಕೇಳಿದರು.
ಎರಡೂ ಮೂಟೆ ರಸ್ತೆಗೆ ಎಸೆದೆ.
ಅವಳ ಕಾಲ ಬಳಿ ಬಿದ್ದವು.

ಮುಂದಾಳು ಆಮೇಲೆ ಬರಲಿಲ್ಲ.
ಎಲ್ಲೋ ಸ್ಪರ್ಧೆ ಗೆದ್ದು, ಬಾಗಿಲಗಲದ ರಟ್ಟಿನ ಚೆಕ್ಕು ಹಿಡಿದು
ಫೋಟೋ ತೆಗೆಸಿಕೊಂಡನಂತೆ.
ಇವಳು ಬಂದಳು. ಒಬ್ಬಳೇ, ಹಾಳೆ ಇಲ್ಲದೆ.
ಮೂರು ದಿನ ನನ್ನ ಮಣೆಯ ಪಕ್ಕ ಕೂತಳು.
ಎಣ್ಣೆ ಕಾಯಲು ಎಷ್ಟು ಹೊತ್ತು, ಗಾಳಿ ತಿರುಗಿದರೆ ಎಷ್ಟು,
ನಾನು ಯಾವಾಗ ಬೈಯುತ್ತೇನೆ, ಎಲ್ಲ ನೋಡಿದಳು.
ಮೂರನೆಯ ಸಂಜೆ ಬಾಯಿ ಬಿಟ್ಟಳು:
"ಡಬ್ಬದಲ್ಲಿ ಕೊಂಡರೆ ದುಬಾರಿ ಅಲ್ಲವೇ? ಮೂಟೆ ಯಾಕೆ ಬೇಡ?"
"ಮೂಟೆಯ ದುಡ್ಡು ಒಟ್ಟಿಗೆ
ಯಾರ ಸೊಂಟದ ಗಂಟಿನಲ್ಲಿದೆ ಮಗಳೇ?
ದಿನದ ದುಡಿಮೆ, ದಿನದ ಒಲೆ."
ಅಷ್ಟೇ. ಮುಂದಿನ ವಾರದಿಂದ ಗೊರೊಗೊರೊ ಲೆಕ್ಕ,
ನಮ್ಮ ಎರಡು ಕಿಲೋ ತಗಡಿನ ಡಬ್ಬ.

ದರ ಹೇಳಲು ಮಾತ್ರ ಬಾರದು.
"ಅರವತ್ತು," ಅನ್ನುವಳು, "ಅಂದರೆ, ಐವತ್ತು...
ನಿಮಗಾದರೆ ನಲವತ್ತು."
ನಾನಿನ್ನೂ ತುಟಿ ಬಿಚ್ಚಿರಲಿಲ್ಲ!
ಗದರಿದೆ: ದರ ಹೇಳು. ಆಮೇಲೆ ಬಾಯಿ ಮುಚ್ಚು.
ನೀರು ನೋಡು. ಹತ್ತು ಎಣಿಸು.
ಕಲಿತಳು. ಮೊದಲ ಪ್ರಯೋಗ ನನ್ನ ಮೇಲೆಯೇ.
ಅರವತ್ತು ಕೊಟ್ಟೆ.

ಒಂದು ರಾತ್ರಿ ಗಾಳಿ ಬೀಸಿತು ನೋಡಿ,
ಬೆಳಗಾಗುವುದರೊಳಗೆ ಅಂತರಗಂಗೆಯೆಲ್ಲ
ಆಚೆ ದಡಕ್ಕೆ ತೇಲಿಹೋಗಿತ್ತು.
ದೋಣಿಯವರು ಕುಣಿದರು. ಇವಳಿಗೆ ಸರಕಿಲ್ಲ.
ಹನ್ನೊಂದು ಒಲೆ ಅವಳನ್ನು ನಂಬಿದ್ದವು.
ಮೊಬೈಲಿನಲ್ಲಿ ಒಂದು ಸಂದೇಶ ಸಾಕಿತ್ತು.
ಒಂದೊಂದೇ ಒಲೆಯ ಎದುರು ಬಂದು ನಿಂತು
"ಈ ವಾರ ಇಲ್ಲ. ಮುಂದಿನ ವಾರ ಗೊತ್ತಿಲ್ಲ" ಅಂದಳು.
ಎಂಟು ಜನ ಬೈದರು, ನಾನೂ ಸೇರಿ.
ಒಂಬತ್ತನೆಯವಳು ಚಹಾ ಕೊಟ್ಟಳು.
ಹದಿನಾರು ದಿನ ಕಳೆದು
ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ ಮಾಡಿ ತಂದಳು,
ಉರಿ ಮೊದಲಿಗಿಂತ ಚೂಪು.

ದೌರ್ಬಲ್ಯವೇ?
ಚಿಲ್ಲರೆ ಎರಡೆರಡು ಸಲ ಎಣಿಸುತ್ತಾಳೆ.
ಇವತ್ತು ತಮಾಷೆ ಮಾಡಿದರೆ ನಾಳೆ ನಗುತ್ತಾಳೆ.
ಲಾಭ ಆಯಿತೋ ಇಲ್ಲವೋ ಅವಳ ಪುಸ್ತಕ ಕೇಳಿ,
ಕೆಂಪು ಶಾಯಿಯನ್ನೂ ಅಳಿಸಿಲ್ಲ.
ಈಗ ಎರಡನೆಯ ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಾಳೆ.
ಅವಳೂ ನಲವತ್ತಕ್ಕೇ ಇಳಿಯುತ್ತಾಳೆ.
ನಾನಿನ್ನೂ ತಿದ್ದಿಲ್ಲ.

ಒಂದು ಮಾತು ಸ್ವಾಮಿ, ನಿಮ್ಮ ಒಳ್ಳೆಯದಕ್ಕೇ:
ಸಂಬಳ ಇಷ್ಟು ಅಂತ ನೀವು ಹೇಳಿದ ಮೇಲೆ
ಅವಳು ಸುಮ್ಮನೆ ಕಿಟಕಿಯಾಚೆ ನೋಡುತ್ತಾಳೆ.
ಗಾಬರಿ ಬೇಡ. ಹತ್ತು ಎಣಿಸುತ್ತಿರುತ್ತಾಳೆ.
ಎಂಟಕ್ಕೆ ಬರುವಷ್ಟರಲ್ಲಿ ನೀವೇ ಮಾತಾಡುತ್ತೀರಿ.
ಇಡುತ್ತೇನೆ. ಮೀನು ಸೀಯುತ್ತಿದೆ.